ಒಂದು, ಇಪ್ಪತ್ತು, ಸೊನ್ನೆ

ಸಾನಮಾವಿನ ಕಾಡಿನಿಂದ ಆನೆಗಳು ಇಳಿದು ಬಂದು ಚೆಲುವಮ್ಮನ ಮೇಲ್ದಿಣ್ಣೆಯ ರಾಗಿಯನ್ನು ಹಾಳು ಮಾಡಿದ್ದು ಅದು ಮೂರನೆಯ ವರ್ಷ. ತಿಂದದ್ದು ಸ್ವಲ್ಪ, ತುಳಿದದ್ದೇ ಹೆಚ್ಚು. ಬೆಳಗ್ಗೆ ಗಂಡ ಹೆಂಡತಿ ಹೋಗಿ ನೋಡಿದಾಗ ಹಾಲು ತುಂಬುತ್ತಿದ್ದ ತೆನೆಗಳೆಲ್ಲ ಮಣ್ಣಿಗೆ ಅಂಟಿಕೊಂಡಿದ್ದವು. ಆನೆಯ ಒಂದೊಂದು ಹೆಜ್ಜೆಯೂ ಮೊರದಷ್ಟು ಅಗಲ. ಒಂದೊಂದರಲ್ಲೂ ನೀರು ನಿಂತಿತ್ತು.

ಗಂಡ ಅಶ್ವತ್ಥಪ್ಪ ಬದುವಿನ ಮೇಲೆ ಕೂತು ತಲೆಯ ಟವೆಲ್ಲು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡ.

"ಇನ್ನು ಈ ದಿಣ್ಣೆ ನಮ್ದಲ್ಲ ಕಣಮ್ಮಿ. ಆನೇದು. ಕೊಟ್ಬುಡಾನ."

"ಯಾರ್ಗೆ, ಆನೆಗಾ?"

"ಆನೆ ಕಾಸು ಕೊಟ್ಟೀತಾ? ಯಾರಾದ್ರೂ ಟೌನ್ನೋರ್ಗೆ. ಹೊಸೂರ್ನಾಗೆ ಈಗ ಕಲ್ಲು ಗುಡ್ಡ ಆದ್ರೂ ತಗೋತಾರೆ."

ಅವರಿಗಿದ್ದದ್ದು ಮೂರು ಎಕರೆ. ಮೇಲಿನ ಅರ್ಧ ಕಾಡಿಗೆ ತಾಗಿಕೊಂಡ ಕಲ್ಲು ದಿಣ್ಣೆ. ಕೆಳಗಿನ ಅರ್ಧ ಕಪ್ಪು ಮಣ್ಣು, ಒಂದು ಹೊಂಗೆ ಮರ, ಒಂದು ಬಾವಿ. ಮನೆಯ ಊಟವೆಲ್ಲ ಆ ಕೆಳಗಿನ ಅರ್ಧದ್ದು. ಅವರೆ, ರಾಗಿ, ನಾಲ್ಕು ಸಾಲು ಸೊಪ್ಪು, ದನಕ್ಕೆ ಹುಲ್ಲು. ಆ ಬಾವಿಯನ್ನು ಗಂಡ ತೋಡಿದ ಹಾಗೆಲ್ಲ ಅಶ್ವತ್ಥಪ್ಪನ ತಾಯಿ ಮುನಿವೆಂಕಟಮ್ಮ ಮಂಕರಿಯಲ್ಲಿ ಮಣ್ಣು ಹೊತ್ತು ಹಾಕಿದ್ದಳು. ಆಗ ಅಶ್ವತ್ಥಪ್ಪ ಅವಳ ಹೊಟ್ಟೆಯಲ್ಲಿದ್ದ. "ನಿನಗಿಂತ ಮೊದ್ಲು ನೀರು ಬಂತು ಕಣ್ಲಾ, ನೀನು ಆಮೇಲೆ" ಎಂದು ಈಗಲೂ ಮಗನಿಗೆ ಹೇಳುತ್ತಿದ್ದಳು.

ಹೀಗಾಗಿ ದಿಣ್ಣೆ ಮಾರುವುದು, ಕೆಳಗಿನದನ್ನು ಇಟ್ಟುಕೊಳ್ಳುವುದು ಎಂದು ಮನೆಯಲ್ಲಿ ಮಾತಾಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಆದದ್ದು ಕಾಗದ ನೋಡಿದಾಗ.

ಚೆಲುವಮ್ಮ ಜೂಜುವಾಡಿಯ ಗಡಿ ದಾಟಿ ಕರ್ನಾಟಕದಿಂದ ತಮಿಳುನಾಡಿಗೆ ಬಂದ ಸೊಸೆ. ತವರು ಅತ್ತಿಬೆಲೆಯ ಆಚೆ. ಆ ಕಡೆ ಹೊಲದ ಲೆಕ್ಕ ಎಕರೆ, ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಈ ಕಡೆ ಎಕರೆ, ಸೆಂಟು; ನೂರು ಸೆಂಟಿಗೆ ಒಂದು ಎಕರೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಏನು ಕೇಳಿದರೂ ಗುಂಟೆಯಲ್ಲೇ ಹೇಳುತ್ತಿದ್ದಳು. ಊರಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಪಕ್ಕದ ಹೊಲದ ಮುನಿಯಲ್ಲಪ್ಪ "ಗುಂಟೆ ಚೆಲುವಮ್ಮ" ಎಂದು ಹೆಸರಿಟ್ಟಿದ್ದ. ಇಪ್ಪತ್ತು ವರ್ಷವಾದರೂ ಆ ಹೆಸರು ಹೋಗಲಿಲ್ಲ, ಗುಂಟೆಯೂ ಅವಳ ತಲೆಯಿಂದ ಹೋಗಲಿಲ್ಲ.

ಆದರೆ ನಾಲ್ಕು ವರ್ಷದ ಹಿಂದೆ ಆ ನಗು ನಿಂತಿತ್ತು. ಹೊಸೂರಿನ ಮೇಷ್ಟ್ರಮ್ಮ ಶಾಂತಾಬಾಯಿ ಹತ್ತಿರದ ಅವಲಪಲ್ಲಿಯಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ನಡೆಸಿದಾಗ ಈ ಊರಿನಿಂದ ಹೋದವಳು ಚೆಲುವಮ್ಮ ಒಬ್ಬಳೇ. ಕನ್ನಡದ ಅಕ್ಷರ ಕಲಿತಳು, ಅಂಕಿ ಕಲಿತಳು, ಮಗ್ಗಿ ಕಲಿತಳು. ಅಲ್ಲಿಂದಾಚೆ ಬಸ್ಸಿನ ನಂಬರು, ರೇಷನ್ ಕಾರ್ಡು, ಬೀಜದ ಪೊಟ್ಟಣದ ಬೆಲೆ ಎಲ್ಲ ಅವಳೇ ಓದಿ ಹೇಳಬೇಕು. ತಮಿಳಿನ ಅಕ್ಷರ ಅವಳಿಗೆ ಬಾರದು, ಅಂಕಿ ಮಾತ್ರ ಬರುತ್ತಿತ್ತು. "ಅಂಕಿ ಎಲ್ಲಾ ಭಾಷೆಗೂ ಒಂದೇ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಎಂಬತ್ತಮೂರನೆಯ ಇಸವಿಯಲ್ಲಿ ಹೊಲಗಳಿಗೆಲ್ಲ ಹೊಸ ಪಟ್ಟಾ ಬಂತು. ಪಟ್ಟಾ ಎಂದರೆ ಹೊಲ ಇಂಥವರದು, ಇಷ್ಟು ಎಂದು ಸರ್ಕಾರ ಬರೆದುಕೊಡುವ ಕಾಗದ. ಅದು ತಮಿಳಿನಲ್ಲಿತ್ತು. ಚೆಲುವಮ್ಮ ಅದನ್ನು ಹೊಸಿಲ ಬೆಳಕಿಗೆ ಹಿಡಿದು ಅಂಕಿ ಹುಡುಕಿದಳು. ಮೊದಲು ಒಂದು, ಆಮೇಲೆ ಇಪ್ಪತ್ತು, ಕೊನೆಗೆ ಒಂದು ಸೊನ್ನೆ. ನಡುನಡುವೆ ಚುಕ್ಕಿ.

ಮನಸ್ಸಿನಲ್ಲೇ ಬೆರಳು ಮಡಿಸಿದಳು. ಒಂದು ಎಕರೆ, ಇಪ್ಪತ್ತು ಗುಂಟೆ. ಅಂದರೆ ಒಂದೂವರೆ ಎಕರೆ. ಮೂರು ಎಕರೆಯ ಅರ್ಧ ಎಷ್ಟು? ಒಂದೂವರೆ. ಎಷ್ಟು ಸರಿಯಾಗಿ ಬಂತು ಎಂದು ಅವಳಿಗೆ ಸಂತೋಷವಾಯಿತು.

"ಸರ್ಕಾರ್ದೋರು ನಮ್ಮ ಹೊಲ ಎರಡು ಭಾಗ ಮಾಡವ್ರೆ" ಎಂದಳು. "ಇದು ದಿಣ್ಣೇದು. ಕೆಳಗಿನ್ದರ ಕಾಗದ ಹಿಂದ್ಲಿಂದ ಬತ್ತದೆ."

ಅಶ್ವತ್ಥಪ್ಪನಿಗೆ ಓದು ಬಾರದು. ಆದರೆ ಸೊನ್ನೆ ಗೊತ್ತಿತ್ತು, ಬಳೆಯ ಹಾಗೆ ಇರುತ್ತದೆ. ಬೆರಳಿಟ್ಟು ತೋರಿಸಿದ. "ಕೊನೆಗೊಂದು ಸೊನ್ನೆ ಐತಲ್ಲ, ಅದ್ಯಾಕೆ?"

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ."

"ಏನೂ ಇಲ್ದಿದ್ರೆ ಯಾಕೆ ಬರ್ದವ್ರೆ?"

"ಆಫೀಸ್ನೋರು ಅಂಗೇ ಬರೀತಾರೆ, ಸುಮ್ಕಿರು."

ಒಳಗಿನಿಂದ ಮುನಿವೆಂಕಟಮ್ಮ ಕೇಳಿದಳು: "ಹಗ್ಗ ಹಿಡ್ದು ಅಳೆದ್ರೇನೇ?"

"ಕಾಗದ್ದಾಗೆ ಐತೆ ಅತ್ತೆ. ಹಗ್ಗ ಯಾಕೆ?"

ಈ ಮೂರು ಮಾತಿನಲ್ಲಿ ಒಂದು ಮಾತಿಗಾದರೂ ಅವಳು ಬಸ್ಸು ಹತ್ತಿ ಶಾಂತಾಬಾಯಿಯನ್ನು ಹೋಗಿ ಕೇಳಿದ್ದರೆ ಆಗುತ್ತಿತ್ತು. ಹೊಸೂರು ಅರ್ಧ ಗಂಟೆಯ ದಾರಿ. ಹೋಗಲಿಲ್ಲ. ಊರಿಗೆಲ್ಲ ಓದಿ ಹೇಳುವವಳು ತನ್ನ ಮನೆಯ ಕಾಗದ ಹಿಡಿದುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗುವುದೇ ಎಂದು ನಾಚಿಕೆಯಾಯಿತು.

ಮಾರನೆಯ ವರ್ಷ, ಕೆಳಗಿನದರ ಕಾಗದ ಬರುವ ಮೊದಲೇ, ದಿಣ್ಣೆ ಕೊಳ್ಳಲು ಬಂದವನು ಅಪ್ಪಣ್ಣ. ಹೊಸೂರಿನವನೇ, ಆಫೀಸಿನ ಕೆಲಸ, ಬಿಳಿ ಅಂಗಿ, ಮಾತು ಕಡಿಮೆ. ಬದುವಿನ ಮೇಲೆ ನಿಂತು ಮೇಲಿನದನ್ನೂ ನೋಡಿದ, ಕೆಳಗಿನದನ್ನೂ ನೋಡಿದ, ಬಾವಿಗೆ ಒಂದು ಕಲ್ಲು ಹಾಕಿ ನೀರಿನ ಸದ್ದು ಕೇಳಿದ. ಚೆಲುವಮ್ಮ ಪಟ್ಟಾವನ್ನು ಅವನ ಕೈಗೆ ಕೊಟ್ಟಳು.

"ನೋಡ್ಕೊ ಸ್ವಾಮಿ. ಪಟ್ಟಾದಾಗೆ ಎಷ್ಟೈತೋ ಅಷ್ಟೇ ಕೊಡೋದು. ಒಂದು ಗೇಣು ಹೆಚ್ಚಿಗೆ ಇಲ್ಲ."

ಅಪ್ಪಣ್ಣ ಕಾಗದ ಓದಿ ಮಡಿಸಿ ವಾಪಸು ಕೊಟ್ಟ. "ಪಟ್ಟಾದಲ್ಲಿರೋದು ಸಾಕಮ್ಮ. ನನಗೂ ಹೆಚ್ಚು ಬೇಡ."

ಅವಳು ಹೇಳಿದ ಬೆಲೆಗೆ ಅವನು ಚೌಕಾಸಿ ಮಾಡಲಿಲ್ಲ. ದೊಡ್ಡ ಮನುಷ್ಯ ಎಂದು ಅವಳು ಅಂದುಕೊಂಡಳು.

ರಿಜಿಸ್ಟರ್ ಆಫೀಸಿನ ಮುಂದೆ ಹುಣಸೆ ಮರದ ಕೆಳಗೆ ಪತ್ರ ಬರೆಯುವವನು ತಮಿಳಿನಲ್ಲಿ ಎರಡು ಹಾಳೆ ಕ್ರಯಪತ್ರ ಬರೆದ. ಬರೆದಾದ ಮೇಲೆ ಕನ್ನಡಕ ಮೇಲಕ್ಕೆತ್ತಿ, "ನಾಲ್ಕು ಕಡೆ ಎಲ್ಲೆ ಬರೆದಿದೀನಿ, ಓದಿ ಹೇಳ್ಲಾ?" ಎಂದ. ತಮಿಳು ಮಾತು ಗಂಡ ಹೆಂಡತಿ ಇಬ್ಬರಿಗೂ ಚೆನ್ನಾಗಿ ಬರುತ್ತಿತ್ತು. ಕೇಳಿದ್ದರೆ ತಿಳಿಯುತ್ತಿತ್ತು.

ಚೆಲುವಮ್ಮ ಕತ್ತು ಚಾಚಿ ಹಾಳೆ ನೋಡಿದಳು. ಒಂದು, ಇಪ್ಪತ್ತು, ಸೊನ್ನೆ. ಪಟ್ಟಾದಲ್ಲಿದ್ದದ್ದೇ.

"ಬ್ಯಾಡ. ನಾನು ನೋಡಿವ್ನಿ" ಎಂದಳು.

ಪತ್ರ ಬರೆಯುವವನು ಅವಳ ಮುಖ ನೋಡಿದ. ಓದು ಬರುವ ಹೆಂಗಸು ಎಂದು ಸ್ವಲ್ಪ ಮರ್ಯಾದೆಯಿಂದಲೇ ನೋಡಿದ. ಆಮೇಲೆ ಮಸಿಯ ಡಬ್ಬಿಯನ್ನು ಅಶ್ವತ್ಥಪ್ಪನ ಕಡೆ ತಳ್ಳಿದ. ಅವನು ಹೆಬ್ಬೆಟ್ಟು ಒತ್ತಿದ. ಚೆಲುವಮ್ಮ ಸಾಕ್ಷಿಯಾಗಿ ಸಹಿ ಹಾಕಿದಳು. ಸರ್ಕಾರದ ಕಾಗದದ ಮೇಲೆ ಅವಳ ಮೊದಲನೆಯ ಸಹಿ. ಲು ಅಕ್ಷರದ ಕೊಂಬು ಸ್ವಲ್ಪ ಸೊಟ್ಟಗಾಗಿತ್ತು, ಬಾಕಿಯದೆಲ್ಲ ನೆಟ್ಟಗೆ ಬಂದಿತ್ತು.

ಸಂಕ್ರಾಂತಿ ಕಳೆದು ಹದಿನೈದು ದಿನ. ಕೆಳಗಿನ ಹೊಲದಲ್ಲಿ ಅವರೆ ಕಾಯಿ ಬಲಿಯುತ್ತಿತ್ತು. ಚೆಲುವಮ್ಮ ಹುಲ್ಲು ಕೊಯ್ಯಲು ಹೋದಾಗ ನಾಲ್ಕು ಜನ ಹೊಂಗೆ ಮರದ ಕೆಳಗೆ ಗುಂಡಿ ತೋಡಿ ಕಲ್ಲು ನೆಡುತ್ತಿದ್ದರು. ಇನ್ನೊಂದು ಕಲ್ಲನ್ನು ಕಾಲುವೆಯ ಅಂಚಿಗೆ, ಅವಳ ಹೊಲದ ಕೊನೆಗೇ ಆಗಲೇ ನೆಟ್ಟಿದ್ದರು. ಪಾಪ, ದಾರಿ ತಪ್ಪಿದ್ದಾರೆ ಎಂದುಕೊಂಡಳು.

"ಅಯ್ಯಾ, ನಿಮ್ದು ಮೇಲಿನ್ದು. ಇದು ನಮ್ದು. ಕಿತ್ತು ಮೇಲ್ಕೆ ಹಾಕ್ಕೊಳ್ರಿ."

ಅಳತೆಯ ಮನುಷ್ಯ ಟೇಪು ಸುತ್ತುತ್ತಾ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ: "ಪತ್ರದಲ್ಲಿ ಇರೋ ತರಾನೇ ಹಾಕಿದೀವಿ ಅಮ್ಮ. ಒಂದು ಎಕ್ಟೇರು ಇಪ್ಪತ್ತು ಏರು. ಆ ಕಾಡಿನ ಅಂಚಿಂದ ಈ ಕಾಲುವೆ ವರೆಗೂ ಬರ್ತದೆ."

"ಒಂದು ಎಕರೆ, ಇಪ್ಪತ್ತು ಗುಂಟೆ" ಎಂದು ಚೆಲುವಮ್ಮ ತಿದ್ದಿದಳು.

"ಗುಂಟೆಯಾ?" ಅವನು ನಕ್ಕ. ಕೆಟ್ಟ ನಗುವೇನಲ್ಲ. "ಯಾವೂರಮ್ಮ ನಿಂದು? ಗುಂಟೆ ಅತ್ತಿಬೆಲೆ ಆಚೆ. ಇಲ್ಲಿ ಯಾರು ಗುಂಟೆ ಬರೀತಾರೆ?"

ಹುಲ್ಲಿನ ಕುಡುಗೋಲು ಕೈಯಲ್ಲೇ ಇತ್ತು. ಅದನ್ನು ಮನೆಯಲ್ಲಿಟ್ಟು, ಪಟ್ಟಾ, ಪತ್ರದ ನಕಲು ಎರಡನ್ನೂ ತೆಗೆದುಕೊಂಡಳು. ಬಸ್ಸಿನ ರಸ್ತೆಗೆ ನಡೆದಳು.

ಬಸ್ಸಿನಲ್ಲಿ ಮುನಿಯಲ್ಲಪ್ಪ ಸಿಕ್ಕಿದ. ಅವನಿಗೆ ವಿಷಯ ಹೇಳಿದಾಗ ಅವನು ಎಲೆಯಡಿಕೆ ಹೊರಗೆ ಉಗಿದು ಸಮಾಧಾನ ಮಾಡಿದ.

"ಅಳತೆಯೋನು ಟೋಪಿ ಹಾಕ್ತಾವ್ನೆ. ಎಕರೆನೂ ಅದೇ, ಎಕ್ಟೇರೂ ಅದೇ. ಮೈಲಿಕಲ್ಲು ಕಿತ್ತು ಕಿಲೋಮೀಟ್ರು ಕಲ್ಲು ನೆಟ್ರಲ್ಲ, ಹೊಸೂರೇನು ದೂರ ಹೋಗ್ಬುಡ್ತಾ? ಹೆಸ್ರು ಬದ್ಲಾಯಿಸೋದು ಅವ್ರ ಕೆಲ್ಸ."

"ಕಲ್ಲು ಬದ್ಲಾಯಿಸಿದಾಗ ಅದ್ರ ಮೇಲಿನ ನಂಬರು ಹೆಚ್ಚಾಗಿತ್ತಲ್ಲ ಮುನಿಯಲ್ಲಣ್ಣ" ಎಂದಳು ಚೆಲುವಮ್ಮ, ನಿಧಾನವಾಗಿ. ಅದು ಅವಳಿಗೆ ಆಗ ಹೊಳೆದದ್ದು. ಮುನಿಯಲ್ಲಪ್ಪ ಕಿಟಕಿಯ ಕಡೆ ತಿರುಗಿದ.

ಶಾಂತಾಬಾಯಿ ಮನೆಯಲ್ಲಿ ರವಿಕೆ ಕತ್ತರಿಸುತ್ತಿದ್ದರು. ಪಟ್ಟಾ ನೋಡಿದರು. ಪತ್ರದ ನಕಲು ನೋಡಿದರು. ಆಮೇಲೆ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಪಟ್ಟಿ ತೆಗೆದು ಚೆಲುವಮ್ಮನ ಕೈಗೆ ಕೊಟ್ಟರು.

"ಇದರಲ್ಲಿ ಇಪ್ಪತ್ತು ಎಲ್ಲಿದೆ ತೋರಿಸು."

ಚೆಲುವಮ್ಮ ಹುಡುಕಿ ಬೆರಳಿಟ್ಟಳು. ತುದಿಯಿಂದ ಅಲ್ಲಿಗೆ ಒಂದು ಮೊಳಕ್ಕೂ ಹೆಚ್ಚು.

"ಈಗ ಪಟ್ಟಿ ತಿರುಗಿಸು. ಹಿಂದಿನ ಮುಖದಲ್ಲಿ ಇಪ್ಪತ್ತು ತೋರಿಸು."

ತಿರುಗಿಸಿದಳು. ಹಿಂದಿನ ಇಪ್ಪತ್ತು ಒಂದು ಗೇಣಿಗೇ ಮುಗಿದಿತ್ತು.

"ಎರಡೂ ಇಪ್ಪತ್ತೇ" ಎಂದರು ಶಾಂತಾಬಾಯಿ. "ಆ ಮುಖ ಇಂಚು, ಈ ಮುಖ ಸೆಂಟಿಮೀಟರು. ಅಂಕಿ ಒಂದೇ, ಅಳತೆ ಬೇರೆ. ನಿನ್ನ ಪಟ್ಟಾ ಕೂಡ ಹಾಗೇ ಚೆಲುವಮ್ಮ. ಮೊದಲು ಎಕರೆ, ಸೆಂಟು ಅಂತ ಬರೀತಿದ್ರು. ಈಗ ಹೆಕ್ಟೇರು, ಏರು ಅಂತ ಬರೀತಾರೆ. ಒಂದು ಹೆಕ್ಟೇರು ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ನೂರು ಏರಿಗೆ ಒಂದು ಹೆಕ್ಟೇರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಚೌಕ ನೆಲ ಒಂದು ಏರು. ನಿಮ್ಮದು ನೂರಿಪ್ಪತ್ತು ಏರು. ಅಂದ್ರೆ..."

ಅವರು ಪೆನ್ಸಿಲಿನಿಂದ ಲೆಕ್ಕ ಹಾಕಿದರು. ಎರಡು ಎಕರೆ ತೊಂಬತ್ತಾರು ಸೆಂಟು ಬಂತು.

ಊರೆಲ್ಲ ಮೂರೆಕರೆ ಎಂದು ಕರೆಯುತ್ತಿದ್ದದ್ದು ಅದನ್ನೇ. ಅರ್ಧವಲ್ಲ. ಇಡೀ ಹೊಲ.

"ಕೊನೆ ಸೊನ್ನೆ?" ಎಂದು ಚೆಲುವಮ್ಮ ಕೇಳಿದಳು. ಆಗಲೂ ಆ ಸೊನ್ನೆಯಲ್ಲಿ ಏನಾದರೂ ಉಳಿದಿರಬಹುದು ಎಂದು ಅವಳಿಗೆ ಆಸೆ.

"ಏರಿಗಿಂತ ಚಿಕ್ಕದು ಏನಾದ್ರೂ ಮಿಕ್ಕಿದ್ರೆ ಅಲ್ಲಿ ಬರೀತಾರೆ. ಮೂರು ಕಡೆ ಅಂಕಿ ಇದ್ರೆ ಅದು ಹೆಕ್ಟೇರಿನ ಲೆಕ್ಕ ಅಂತಲೇ ಗುರುತು. ಇಲ್ಲಿ ಎಕರೆ, ಸೆಂಟಿನ ಲೆಕ್ಕಕ್ಕೆ ಮೂರನೇದು ಇರಲ್ಲ." ಶಾಂತಾಬಾಯಿ ಪೆನ್ಸಿಲು ಕೆಳಗಿಟ್ಟರು. "ತಪ್ಪು ನನ್ನದೂ ಇದೆ. ಅಂಕಿ ಕಲಿಸಿದೆ. ಅಂಕಿಯ ಪಕ್ಕದಲ್ಲಿ ಏನು ಬರೆದಿದೆ ಅಂತ ಕೇಳೋದನ್ನ ಕಲಿಸಲಿಲ್ಲ."

ಚೆಲುವಮ್ಮ ಅಳತೆ ಪಟ್ಟಿಯನ್ನು ಸುತ್ತಿ ಚಾಪೆಯ ಮೇಲಿಟ್ಟಳು. "ಕಲೀದೇ ಇದ್ದಿದ್ರೆ ಚೆನ್ನಾಗಿತ್ತು ಮೇಷ್ಟ್ರಮ್ಮ" ಎಂದಳು. "ನಮ್ಮತ್ತೆ ಹೇಳಿದಂಗೆ ಹಗ್ಗ ಹಿಡ್ದು ಅಳೀತಿದ್ವಿ."

ಇಬ್ಬರೂ ಅಪ್ಪಣ್ಣನ ಮನೆಗೆ ಹೋದರು. ಅವನು ಕುರ್ಚಿ ಹಾಕಿಸಿ, ಕಾಫಿ ಕೊಡಿಸಿದ. ಎಲ್ಲ ಕೇಳಿದ ಮೇಲೆ ಹೇಳಿದ:

"ಪಟ್ಟಾದಲ್ಲಿರೋದಷ್ಟೇ ಅಂತ ನೀವೇ ಹೇಳಿದ್ರಿ. ನಾನೂ ಅಷ್ಟೇ ಅಂದೆ. ಎಲ್ಲೆ ಓದ್ತೀನಿ ಅಂದಾಗ ಬೇಡ ಅಂದೋರು ನೀವು. ಸಹಿ ನಿಮ್ಮದು. ಇದರಲ್ಲಿ ನಾನು ಸುಳ್ಳು ಹೇಳಿದ್ದು ಎಲ್ಲಿ, ಹೇಳಿ ಅಮ್ಮ."

ಅವನು ಅಂದು ಎರಡು ಹೊಲವನ್ನೂ ನೋಡಿದ್ದು, ಬಾವಿಗೆ ಕಲ್ಲು ಹಾಕಿದ್ದು ಚೆಲುವಮ್ಮನ ಕಣ್ಣಿಗೆ ಬಂತು. ಸುಳ್ಳು ಹೇಳಿರಲಿಲ್ಲ. ಅವಳು ತಪ್ಪು ತಿಳಿದಿದ್ದಾಳೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಯಾವ ಕಾಗದವೂ ಹೇಳುವುದಿಲ್ಲ.

"ಅವರೆ ಕಿತ್ಕೊಂಡು ಹೋಗಿ. ಅದಕ್ಕೆ ನಾನು ಅಡ್ಡ ಬರೋದಿಲ್ಲ" ಎಂದ ಅಪ್ಪಣ್ಣ.

ಕೃಷ್ಣಗಿರಿಯ ವಕೀಲರೊಬ್ಬರು ಪತ್ರ ನೋಡಿ, ದಾವೆ ಹಾಕಬಹುದು ಎಂದರು. ಎಷ್ಟು ವರ್ಷ ಎಂದು ಕೇಳಿದ್ದಕ್ಕೆ ಹೇಳಲಾಗದು ಎಂದರು. ಗೆಲ್ಲುತ್ತದೆಯೇ ಎಂದು ಕೇಳಿದ್ದಕ್ಕೆ ಚೆಲುವಮ್ಮನ ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು.

ಅಶ್ವತ್ಥಪ್ಪ ಬಯ್ಯಲಿಲ್ಲ. ಒಂದು ಮಾತು ಬಯ್ದಿದ್ದರೆ ಅವಳಿಗೆ ಆಸರೆಯಾಗುತ್ತಿತ್ತು. ಅವನು ಅವರೆ ಕಿತ್ತು ತಂದು ಹಾಕಿದ, ಗುದ್ದಲಿ ತೊಳೆದು ಸೂರಿಗೆ ಸಿಕ್ಕಿಸಿದ. ಮರುವಾರದಿಂದ ಹೊಸೂರಿನ ಕಡೆ ಹೊಸ ಕಾರ್ಖಾನೆಯ ಕಟ್ಟಡಕ್ಕೆ ಜಲ್ಲಿ ಹೊರಲು ಹೋದ. ಐವತ್ತು ವರ್ಷದವನು. ಸಂಜೆ ಬಂದು ಕಾಲು ನೀಡಿಕೊಂಡು ಕೂರುತ್ತಿದ್ದ. ಒಂದೇ ಸಲ, ಊಟ ಮಾಡುತ್ತಾ, "ಆ ಸೊನ್ನೆ ಯಾಕೆ ಅಂತ ನಾನು ಕೇಳಿದ್ನಲ್ವಾ" ಎಂದ. ಜಗಳಕ್ಕೆ ಕೇಳಿದ್ದಲ್ಲ. ತಾನು ಕೇಳಿದ್ದು ನಿಜವೋ, ಕನಸೋ ಎಂದು ಕೇಳುವವನ ಹಾಗೆ ಕೇಳಿದ.

"ಕೇಳಿದ್ದೆ" ಎಂದಳು ಚೆಲುವಮ್ಮ.

ಮುನಿವೆಂಕಟಮ್ಮನಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ದಿಣ್ಣೆ ತಾನೇ ಮಾರಿದ್ದು ಎನ್ನುವಳು. ಬೆಳಗಾದರೆ ಬಿಂದಿಗೆ ಸೊಂಟಕ್ಕಿಟ್ಟು ಬಾವಿಗೆ ಹೊರಡುವಳು. ಬೇಲಿ ಹಾಕಿದ ಮೇಲೆ ಕಾವಲುಗಾರ ಒಂದು ವಾರ ಒಳಗೆ ಬಿಟ್ಟ. ಆಮೇಲೆ ಬಿಡಲಿಲ್ಲ. ಅವಳು ಬೇಲಿಯ ಹೊರಗೆ ಬಿಂದಿಗೆ ಇಟ್ಟುಕೊಂಡು ಕೂರುವಳು. ಬಿಸಿಲೇರಿದ ಮೇಲೆ ಚೆಲುವಮ್ಮ ಹೋಗಿ ಕೈಹಿಡಿದು ಕರೆತರುವಳು.

ಆ ಬೇಸಿಗೆಯಲ್ಲಿ ಮುನಿಯಲ್ಲಪ್ಪ ತನ್ನ ಹೊಲದ ರಸ್ತೆ ಬದಿಯ ತುಂಡನ್ನು ಮಾರಲು ಹೊರಟ. ಅವನ ಹೆಂಡತಿ ರಾಮಲಕ್ಷ್ಮಮ್ಮ ಬಂದು ಚೆಲುವಮ್ಮನಿಗೆ ಹೇಳಿದಳು. ಚೆಲುವಮ್ಮ ಎಷ್ಟೋ ದಿನದಿಂದ ಯಾರ ಮನೆಗೂ ಹೋಗಿರಲಿಲ್ಲ. ಯಾರೂ ಕಾಗದ ಹಿಡಿದು ಅವಳ ಮನೆಗೆ ಬರುತ್ತಲೂ ಇರಲಿಲ್ಲ. ಅವತ್ತು ಎದ್ದು ಹೋದಳು.

"ಪಟ್ಟಾದಾಗೆ ಎಷ್ಟೈತೆ ಮುನಿಯಲ್ಲಣ್ಣ?"

"ಎಂಬತ್ತೊಂದು ಸೆಂಟು. ರಸ್ತೆ ಬದೀದು ಅಷ್ಟೇ ಐತೆ, ಸರಿಯಾಗಿ ಬಂತು. ಸೊನ್ನೆ, ಎಂಬತ್ತೊಂದು, ಸೊನ್ನೆ."

ಸರಿಯಾಗಿ ಬಂತು ಎಂದು ತಾನೂ ಸಂತೋಷಪಟ್ಟದ್ದು ಚೆಲುವಮ್ಮನಿಗೆ ನೆನಪಾಯಿತು.

"ಅದು ಸೆಂಟಲ್ಲ ಅಣ್ಣ. ಏರು."

"ನೀನು ಗುಂಟೆಯೋಳು, ನಿನ್ಗೆ ತಪ್ಪಿತು. ನಾವು ಹುಟ್ಟಿದಾಗಿಂದ ಸೆಂಟಿನೋರು. ನಮ್ಗೆ ತಪ್ಪಲ್ಲ." ಅಂದ ಮೇಲೆ ಅವನಿಗೇ ಒಂದು ಥರ ಆಯಿತು. "ಬೇಜಾರು ಮಾಡ್ಕೋಬ್ಯಾಡ ತಾಯಿ. ನಿನ್ನ ಮಾತು ಕೇಳಿ ಒಂದು ಮನೆ ಮುಳುಗೈತೆ. ಇನ್ನೊಂದ್ಯಾಕೆ?"

ಚೆಲುವಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

"ನನ್ನ ಮಾತು ಕೇಳ್ಬ್ಯಾಡ. ಹಗ್ಗದ ಮಾತು ಕೇಳು" ಎಂದಳು.

ಮಾರನೆಯ ದಿನ ಶಾಂತಾಬಾಯಿಯ ಅಳತೆ ಪಟ್ಟಿ ತಂದು, ಬಾವಿಯ ಹಳೆಯ ಹಗ್ಗವನ್ನು ಅಂಗಳದಲ್ಲಿ ನೀಡಿ, ಹತ್ತು ಮೀಟರಿಗೆ ಸರಿಯಾಗಿ ಕತ್ತರಿಸಿದಳು. ಆ ಹಗ್ಗಕ್ಕೆ ಈಗ ಬೇರೆ ಕೆಲಸ ಇರಲಿಲ್ಲ. ಒಂದು ತುದಿ ರಾಮಲಕ್ಷ್ಮಮ್ಮ ಹಿಡಿದಳು, ಇನ್ನೊಂದು ತುದಿ ಚೆಲುವಮ್ಮ. ಮುನಿಯಲ್ಲಪ್ಪ ಬದುವಿನ ಮೇಲೆ ಕೂತು, "ಎಳೀರಿ ಎಳೀರಿ, ತೇರು ಕದಲ್ತದೆ" ಎಂದು ಗೇಲಿ ಮಾಡಿದ.

ರಸ್ತೆಯ ಬದುವಿನಿಂದ ಹಿಂದಿನ ಬದುವಿಗೆ, ಹೊಲದ ಪೂರ್ತಿ ಉದ್ದ ಅಳೆದರು. ಒಂದೊಂದು ಹಗ್ಗಕ್ಕೂ ಒಂದೊಂದು ಕಡ್ಡಿ ನೆಟ್ಟರು. ಒಂಬತ್ತು ಕಡ್ಡಿ. ಆಮೇಲೆ ಅಡ್ಡಕ್ಕೆ ಅಳೆದರು. ಅದೂ ಒಂಬತ್ತು.

"ನಿಂಗೆ ಮಗ್ಗಿ ಬತ್ತದಲ್ಲ ಅಣ್ಣ" ಎಂದಳು ಚೆಲುವಮ್ಮ. "ಒಂಬತ್ತೊಂಬತ್ಲಿ?"

ಮುನಿಯಲ್ಲಪ್ಪ ಎದ್ದು ಬಂದು ಒಂದೊಂದೇ ಕಡ್ಡಿ ಮುಟ್ಟಿ ಎಣಿಸಿದ. ಉದ್ದಕ್ಕೆ ಎಣಿಸಿದ, ಅಡ್ಡಕ್ಕೆ ಎಣಿಸಿದ. ಮತ್ತೊಂದು ಸಲ ಎಣಿಸಿದ.

"ಎಂಬತ್ತೊಂದು" ಎಂದ. "ರಸ್ತೆ ಬದೀದಲ್ಲ. ಇಡೀ ಹೊಲ."

"ಇಡೀ ಹೊಲ."

"ನಾಳೆ ಬೆಳಗ್ಗೆ ಹೆಬ್ಬೆಟ್ಟು ಒತ್ತೋಕೆ ಹೋಗ್ತಿದ್ದೆ ಚೆಲುವಮ್ಮ."

ಅವನು ಹೋಗಲಿಲ್ಲ. ಅಳತೆಯವರನ್ನು ಕರೆಸಿ, ಮಾರುವ ತುಂಡನ್ನು ಬೇರೆ ಮಾಡಿಸಿ, ಅದಕ್ಕೇ ಬೇರೆ ನಕ್ಷೆ ಬರೆಸುವ ತನಕ ಯಾವ ಕಾಗದಕ್ಕೂ ಕೈ ಹಾಕುವುದಿಲ್ಲ ಎಂದು ಮನೆಯವರೆಲ್ಲ ಕೂತು ತೀರ್ಮಾನ ಮಾಡಿದರು. ಅವತ್ತಿನಿಂದ ಅವನು ಅವಳನ್ನು ಗುಂಟೆ ಚೆಲುವಮ್ಮ ಎಂದು ಕರೆಯಲಿಲ್ಲ.

ಚೆಲುವಮ್ಮ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟಳು. ದಾರಿಯಲ್ಲಿ ಬೇಲಿ. ಬೇಲಿಯ ಹೊರಗೆ ಅತ್ತೆ ಖಾಲಿ ಬಿಂದಿಗೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಸೊಸೆಯ ಹೆಗಲ ಮೇಲಿನ ಹಗ್ಗ ನೋಡಿದಳು.

"ಅಳೆದ್ಯೇನೇ?" ಎಂದು ಕೇಳಿದಳು.

"ಅಳೆದೆ ಅತ್ತೆ."

"ಸರಿ ಐತಾ?"

ಚೆಲುವಮ್ಮ ಬಿಂದಿಗೆ ಎತ್ತಿಕೊಂಡಳು. "ಏಳು, ಬಿಸಿಲು" ಎಂದಳು.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ. ಚೆಲುವಮ್ಮನ ಹೊಲ ವಾಪಸು ಬಂತು ಎಂದು ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ. ಬರುವುದೂ ಇಲ್ಲ. ಆದ್ದರಿಂದ ಮನೆಗೆ ಹೋದ ಕೂಡಲೇ ನಿಮ್ಮ ಪೆಟ್ಟಿಗೆ ತೆಗೆಯಿರಿ, ಪಟ್ಟಾ ಹೊರಗೆ ತೆಗೆಯಿರಿ. ಅಂಕಿ ನೋಡಿ ಸುಮ್ಮನಾಗಬೇಡಿ. ಅಂಕಿ ಎಕರೆಯದೋ ಹೆಕ್ಟೇರಿನದೋ ಎಂದು ಕೇಳಿ. ಮೂರು ಕಡೆ ಅಂಕಿ ಇದ್ದರೆ ಎರಡು ಸಲ ಕೇಳಿ. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ, ನಲವತ್ತು ಏರು ಎಂದರೆ ಸುಮಾರು ಒಂದು ಎಕರೆ, ಇಷ್ಟು ನೆನಪಿಟ್ಟುಕೊಳ್ಳಿ. ಪತ್ರ ಓದಿ ಹೇಳುತ್ತೇನೆ ಎಂದವರನ್ನು ಬೇಡ ಎನ್ನಬೇಡಿ. ನಾಲ್ಕು ಎಲ್ಲೆಯನ್ನೂ ನಿಮಗೆ ತಿಳಿಯುವ ಮಾತಿನಲ್ಲಿ ಕೇಳಿಸಿಕೊಳ್ಳಿ, ಆಮೇಲೆ ಹೆಬ್ಬೆಟ್ಟು. ಓದು ಬಾರದವರು ಕೇಳಿ. ಓದು ಬರುವವರು ಇನ್ನೂ ಹೆಚ್ಚಾಗಿ ಕೇಳಿ, ನಾಚಿಕೆ ಪಡಬೇಡಿ.

ಹೊಲ ಅಳೆಯಲು ಹಗ್ಗ ಬೇಕಾದರೆ ಚೆಲುವಮ್ಮನ ಮನೆಯ ಗೂಟಕ್ಕೆ ನೇತಾಡುತ್ತಿದೆ. ಸರಿಯಾಗಿ ಹತ್ತು ಮೀಟರು. ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. ಆ ಮನೆಯಲ್ಲಿ ಅದರಿಂದ ಅಳೆಯುವಂಥದ್ದು ಏನೂ ಉಳಿದಿಲ್ಲ.